ಬಿಡದ ಹೊಟ್ಟೆನೋವಿಗೆ ಸರ್ಕಾರಿ ಆಸ್ಪತ್ರೆಯೋ ಖಾಸಗಿಯೋ: ಮಲೆನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಹೊಟ್ಟೆಯ ತೊಂದರೆಗಳಿಗೆಲ್ಲ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿದರೂ ಗ್ಯಾಸ್ಟ್ರಿಕ್, ಬಲಪಕ್ಕೆ ಹಿಡಿದುಕೊಂಡರೂ ಗ್ಯಾಸ್ಟ್ರಿಕ್, ಎರಡು ತುತ್ತು ಉಂಡಕೂಡಲೇ ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್. ಹೆಸರು ಸಿಕ್ಕಿದ ಮೇಲೆ ಮಾತ್ರೆಯೂ ಸಿಗುತ್ತದೆ. ಪೇಟೆಗೆ ಹೋದವರ ಕೈಯಲ್ಲಿ ಮೆಡಿಕಲ್ ಶಾಪಿನಿಂದ ಒಂದು ಹಾಳೆ ಮಾತ್ರೆ ತರಿಸಿಕೊಂಡರೆ ನೋವು ಒಂದಷ್ಟು ದಿನ ಅಡಗುತ್ತದೆ. ಮತ್ತೆ ಬಂದಾಗ ಕೊನೆ ಕೊಯ್ಲು ಮುಗಿಯಲಿ ಎನ್ನುತ್ತೇವೆ. ಕೊಯ್ಲು ಮುಗಿದಾಗ ಸುಲಿಯುವ ಕೆಲಸ, ಅದಾದ ಮೇಲೆ ಮಕ್ಕಳ ಪರೀಕ್ಷೆ, ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಕೊನೆಗೆ ಹೊರಡಲೇಬೇಕಾದ ದಿನ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯಾದ ಮೆಗ್ಗಾನಿಗೆ ಹೋಗುವುದೋ, ಖಾಸಗಿಗೆ ಹೋಗುವುದೋ, ನೇರವಾಗಿ ಘಟ್ಟ ಇಳಿದು ಮಣಿಪಾಲಕ್ಕೇ ಹೋಗಿಬಿಡುವುದೋ.

ಈ ಪ್ರಶ್ನೆಯನ್ನು ಹೀಗೆ ಇಡಿಯಾಗಿ ಕೇಳುವುದರಲ್ಲಿಯೇ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಹಲವು ವಾರ ಬಿಡದೆ ಕಾಡುವ ಹೊಟ್ಟೆನೋವಿನ ಚಿಕಿತ್ಸೆ ಒಂದೇ ಬಾಗಿಲಿನಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುವುದು ಅಪರೂಪ. ಮೊದಲ ತಪಾಸಣೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ, ಬೇಕಾದರೆ ಶಸ್ತ್ರಚಿಕಿತ್ಸೆ, ಆಮೇಲಿನ ಮರುತಪಾಸಣೆ ಎಂಬ ಒಂದೊಂದು ಹಂತದಲ್ಲಿಯೂ ಸರ್ಕಾರಿಯೋ ಖಾಸಗಿಯೋ ಎಂದು ಬೇರೆ ಬೇರೆಯಾಗಿ ತೀರ್ಮಾನಿಸಬಹುದು. ಹಾಗೆ ತೀರ್ಮಾನಿಸಿದವರಿಗೆ ಖರ್ಚೂ ಕಡಿಮೆ, ಅಲೆದಾಟವೂ ಕಡಿಮೆ.

ಇದನ್ನು ನಾನು ಕಲಿತದ್ದು ನಮ್ಮ ಭಾವನವರ ಹೊಟ್ಟೆನೋವಿನಿಂದ. ಹೊಸನಗರ ತಾಲ್ಲೂಕಿನಲ್ಲಿ ತೋಟ ಮಾಡಿಕೊಂಡಿರುವ ಅವರು ಮಂಡಿನೋವಿಗೆಂದು ಎರಡು ವರ್ಷ ನೋವಿನ ಮಾತ್ರೆ ನುಂಗಿದ್ದರು. ಮೇಲುಹೊಟ್ಟೆ ಉರಿಯತೊಡಗಿದಾಗ ಪೇಟೆಯ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಎಂಟು ತಿಂಗಳು ಆಮ್ಲ ತಗ್ಗಿಸುವ ಮಾತ್ರೆ ಬರೆದುಕೊಟ್ಟರೇ ಹೊರತು, ಬೇರೆ ಯಾವ ಮಾತ್ರೆ ತಿನ್ನುತ್ತೀರಿ ಎಂದು ಯಾರೂ ಕೇಳಲಿಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇರೆ ಯಾವುದೋ ಕಾರಣಕ್ಕೆ ಹಿಮೋಗ್ಲೋಬಿನ್ ನೋಡಿದಾಗ ಅದು 7ಕ್ಕೆ ಇಳಿದಿತ್ತು. ಅಲ್ಲಿನ ವೈದ್ಯರೇ ಇದು ಒಳಗೆ ರಕ್ತ ಸೋರುತ್ತಿರುವ ಲಕ್ಷಣವೆಂದು ಎಂಡೋಸ್ಕೋಪಿಗೆ ಬರೆದರು. ದುಡ್ಡು ಪಡೆದ ಕಡೆ ಸಿಗದ ಸುಳಿವು ಪುಕ್ಕಟೆಯ ರಕ್ತಪರೀಕ್ಷೆಯಲ್ಲಿ ಸಿಕ್ಕಿತು. ಹಾಗೆಂದು ಸರ್ಕಾರಿ ವ್ಯವಸ್ಥೆಯನ್ನು ಹೊಗಳಿ ಮುಗಿಸುವಂತೆಯೂ ಇಲ್ಲ, ಏಕೆಂದರೆ ಎಂಡೋಸ್ಕೋಪಿಗೆ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೊಟ್ಟ ದಿನಾಂಕ ಐದು ವಾರ ದೂರವಿತ್ತು. ಅಷ್ಟು ಕಾಯುವ ಸ್ಥಿತಿ ಅದಾಗಿರಲಿಲ್ಲವಾದ್ದರಿಂದ ಅದನ್ನು ಖಾಸಗಿಯಲ್ಲಿಯೇ ಮಾಡಿಸಬೇಕಾಯಿತು.

ಮೊದಲ ಹೆಜ್ಜೆ: ಆಯ್ಕೆ ಮಾಡಲು ಸಮಯವಿದೆಯೇ ಎಂದು ನೋಡಿಕೊಳ್ಳಿ

ಕೆಲವು ಹೊಟ್ಟೆನೋವುಗಳಲ್ಲಿ ಆಸ್ಪತ್ರೆ ಆರಿಸುತ್ತ ಕೂರುವಂತಿಲ್ಲ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ ಮುಟ್ಟಗೊಡದಿರುವುದು, ರಕ್ತವಾಂತಿ ಅಥವಾ ಕಾಫಿ ಚರಟದಂತಹ ವಾಂತಿ, ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ನಾರುವ ಮಲ, ವಾಂತಿಯೊಂದಿಗೆ ಮಲವೂ ಗಾಳಿಯೂ ಹೋಗದೆ ಹೊಟ್ಟೆ ಉಬ್ಬುತ್ತಲೇ ಹೋಗುವುದು, ಚಳಿಜ್ವರದೊಂದಿಗೆ ಕಣ್ಣು ಹಳದಿಯಾಗುವುದು, ತಲೆ ಸುತ್ತಿ ಬೀಳುವುದು, ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಯನ್ನೋ ಹತ್ತಿರದ ದೊಡ್ಡ ಖಾಸಗಿ ಆಸ್ಪತ್ರೆಯನ್ನೋ ಸೇರಬೇಕು. ಕಬ್ಬಿಣದ ಮಾತ್ರೆ ತಿನ್ನುವವರ ಮಲವೂ ಕಪ್ಪಾಗುತ್ತದೆ, ಆದರೆ ಅದು ಡಾಂಬರಿನಂತೆ ಅಂಟುವುದಿಲ್ಲ. ಹೊಕ್ಕುಳ ಸುತ್ತ ಆರಂಭವಾದ ನೋವು ಒಂದು ದಿನದೊಳಗೆ ಬಲ ಕಿಬ್ಬೊಟ್ಟೆಗೆ ಇಳಿದು ನಿಂತರೆ ಅದು ಅಪೆಂಡಿಕ್ಸ್ ಇರಬಹುದು; ಹೊಕ್ಕುಳು ಜಾರಿದೆಯೆಂದು ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸುವುದು ಅಂತಹ ಸಮಯದಲ್ಲಿ ಪ್ರಾಣಕ್ಕೇ ಕುತ್ತು ತರುತ್ತದೆ. ಮುಟ್ಟು ತಪ್ಪಿದ ಹೆಂಗಸರಿಗೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು ಬಂದರೆ ಗರ್ಭ ನಾಳದಲ್ಲಿ ನಿಂತಿರುವ ಸಾಧ್ಯತೆಯಿದೆ, ಅದಕ್ಕೂ ಗಂಟೆಗಳ ಲೆಕ್ಕ.

ನಲವತ್ತು ದಾಟಿದವರು, ಅದರಲ್ಲಿಯೂ ಸಕ್ಕರೆ ಕಾಯಿಲೆ ಇರುವವರು, ಬೆವರು ಮತ್ತು ಉಬ್ಬಸದೊಂದಿಗೆ ಬರುವ ಮೇಲುಹೊಟ್ಟೆಯ ನೋವನ್ನು ಗ್ಯಾಸ್ ಎಂದು ತಳ್ಳಿಹಾಕಬಾರದು. ಹೃದಯಾಘಾತವೂ ಹಾಗೆಯೇ ಕಾಣಿಸಿಕೊಳ್ಳುತ್ತದೆ, ಮೊದಲು ಇಸಿಜಿ ಆಗಬೇಕು. ಇನ್ನೊಂದು ನಮ್ಮ ಜಿಲ್ಲೆಗೇ ಸೇರಿದ್ದು. ನವೆಂಬರಿನಿಂದ ಮೇ ತಿಂಗಳವರೆಗಿನ ಕಾಲದಲ್ಲಿ ಕಾಡಿಗೆ ಸೊಪ್ಪು, ದರಗು, ಸೌದೆಗೆಂದು ಹೋಗಿ ಬಂದವರಿಗೆ ಜೋರು ಜ್ವರ, ಮೈಕೈನೋವಿನೊಂದಿಗೆ ವಾಂತಿ, ಹೊಟ್ಟೆನೋವು ಕಾಣಿಸಿದರೆ ಕಾಡಿಗೆ ಹೋದ ಸಂಗತಿಯನ್ನೂ ಉಣ್ಣಿ ಕಚ್ಚಿದ್ದನ್ನೂ ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಬೇಕು. ಅದು ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ ಇರಬಹುದು; ಅದನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಇದರ ವಿಷಯದಲ್ಲಿ ಇಲ್ಲಿನ ಸರ್ಕಾರಿ ವೈದ್ಯರಿಗಿರುವ ಅನುಭವ ದೊಡ್ಡ ಊರಿನ ತಜ್ಞರಿಗೂ ಇರುವುದು ಕಷ್ಟ.

ತುರ್ತಿನ ಮಾತಿನಲ್ಲಿ ದಾರಿಯ ಲೆಕ್ಕವನ್ನೂ ಮರೆಯಬಾರದು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ರಾತ್ರಿ ಹೊತ್ತು ಲಾಂಚಿಲ್ಲದೆ ದಡದಲ್ಲಿ ಬೆಳಗಿಗಾಗಿ ಕಾಯುತ್ತಿದ್ದ ಕಾಲ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಮುಗಿದಿದೆ. ಆದರೆ ಮಳೆಗಾಲದಲ್ಲಿ ಆಗುಂಬೆ ಘಾಟಿಯ ಸ್ಥಿತಿ ಯಾವ ದಿನ ಹೇಗಿರುತ್ತದೆಂದು ಹೇಳಲಾಗದು. ರಕ್ತದೊತ್ತಡ ಕುಸಿಯುತ್ತಿರುವ ರೋಗಿಯನ್ನು ಕಾರಿನಲ್ಲಿ ಮಲಗಿಸಿಕೊಂಡು ಘಟ್ಟ ಇಳಿಸುವ ಬದಲು, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮುಂದಕ್ಕೆ ಕಳುಹಿಸುವುದು ಮೇಲು.

ಎರಡನೆಯ ಹೆಜ್ಜೆ: ನೋವನ್ನು ಬರೆದಿಡಿ

ಮೇಲಿನ ಯಾವ ಲಕ್ಷಣವೂ ಇಲ್ಲದೆ ಎರಡು ಮೂರು ವಾರದಿಂದ ಬಂದು ಹೋಗಿ ಮಾಡುತ್ತಿರುವ ನೋವಾದರೆ, ವೈದ್ಯರನ್ನು ಕಾಣುವ ಮೊದಲು ಒಂದು ವಾರದ ಲೆಕ್ಕ ಬರೆದಿಡುವುದು ಒಳ್ಳೆಯದು. ಹೊರರೋಗಿ ವಿಭಾಗದಲ್ಲಿ ಸರ್ಕಾರಿ ವೈದ್ಯರಿಗೆ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು ತುಂಬಿಕೊಡುವುದು ಈ ಹಾಳೆಯೇ. ನೋವು ಹೊಟ್ಟೆಯ ಯಾವ ಜಾಗದಲ್ಲಿ, ಬೆನ್ನಿಗೋ ಭುಜಕ್ಕೋ ತೊಡೆಸಂದಿಗೋ ಹರಿಯುತ್ತದೆಯೇ, ಉರಿಯೋ ಹಿಂಡುವ ನುಲಿತವೋ, ಹಸಿದಾಗ ಹೆಚ್ಚೋ ಉಂಡಮೇಲೆ ಹೆಚ್ಚೋ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಮಲವಿಸರ್ಜನೆಯ ನಂತರ ಹಗುರಾಗುತ್ತದೆಯೇ ಎಂಬಿಷ್ಟು ಸಾಕು. ಎಣ್ಣೆತಿಂಡಿ ತಿಂದ ಒಂದೆರಡು ಗಂಟೆಯಲ್ಲಿ ಬಲಪಕ್ಕೆಲುಬಿನ ಕೆಳಗೆ ಹಿಡಿದು ಬಲಭುಜಕ್ಕೆ ಹರಿಯುವ ನೋವು ಪಿತ್ತಕೋಶದ ಕಲ್ಲಿನತ್ತ ಬೆರಳು ತೋರಿಸುತ್ತದೆ. ಸೊಂಟದ ಪಕ್ಕದಿಂದ ತೊಡೆಸಂದಿಗೆ ಇಳಿಯುವುದು ಮೂತ್ರದ ಕಲ್ಲಿನತ್ತ. ಮೇಲುಹೊಟ್ಟೆಯಿಂದ ಬೆನ್ನಿಗೆ ಚುಚ್ಚಿದಂತಾಗಿ ಮುಂದಕ್ಕೆ ಬಾಗಿದರೆ ಕಡಿಮೆಯಾಗುವ ನೋವು, ಅದರಲ್ಲಿಯೂ ಮದ್ಯಪಾನಿಗಳಲ್ಲಿ, ಮೇದೋಜ್ಜೀರಕ ಗ್ರಂಥಿಯತ್ತ.

ಅದೇ ಹಾಳೆಯ ಹಿಂಬದಿಯಲ್ಲಿ ನೀವು ನುಂಗುವ ಎಲ್ಲ ಮಾತ್ರೆಗಳ ಹೆಸರಿರಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಜಠರದ ಒಳಪದರದ ರಕ್ಷಣೆಯನ್ನು ಕುಂದಿಸಿ ಹುಣ್ಣು ಮಾಡುತ್ತವೆ. ಹೃದಯಕ್ಕೆಂದು ಕೊಡುವ ಆಸ್ಪಿರಿನ್ ಕೂಡ ಹಾಗೆಯೇ, ಆದರೆ ಅದನ್ನು ವೈದ್ಯರನ್ನು ಕೇಳದೆ ತಾನಾಗಿ ನಿಲ್ಲಿಸುವಂತಿಲ್ಲ. ಕವಳ, ಗುಟ್ಕಾ, ಬೀಡಿ, ಮದ್ಯ ಇವನ್ನೂ ಮುಚ್ಚಿಡದೆ ಬರೆಯಬೇಕು. ಅಡಿಕೆ ನಮ್ಮ ಅನ್ನವಾದ್ದರಿಂದ ಈ ಮಾತು ಕಹಿಯೆನಿಸಬಹುದು, ಆದರೂ ವೈದ್ಯರ ಮುಂದೆ ಅದನ್ನು ಹೇಳದೆ ಬಿಡುವುದರಿಂದ ಲಾಭವಿಲ್ಲ. ಜೀರಿಗೆ ಕಷಾಯ, ಓಮದ ನೀರು, ತಂಬುಳಿ ಇವೆಲ್ಲ ಅಜೀರ್ಣಕ್ಕೆ ಹಿತವೇ ಹೌದು. ಎರಡು ವಾರ ಅವುಗಳಿಂದ ತಗ್ಗದ ನೋವಿಗೆ ಮೂರನೆಯ ವಾರವೂ ಅವನ್ನೇ ಮುಂದುವರಿಸುವುದು ಹಿತವಲ್ಲ.

ಮೂರನೆಯ ಹೆಜ್ಜೆ: ಮೊದಲ ವೈದ್ಯರು ಹತ್ತಿರದವರೇ ಆಗಿರಲಿ

ಹೊಟ್ಟೆನೋವೆಂದ ಕೂಡಲೇ ಸೂಪರ್ ಸ್ಪೆಷಾಲಿಟಿ ತಜ್ಞರ ಬಳಿಗೆ ಓಡುವುದು ಬಹುಪಾಲು ಅನಗತ್ಯ. ನಿಮ್ಮನ್ನು ಬಲ್ಲ ಊರಿನ ಖಾಸಗಿ ವೈದ್ಯರಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಾಗಲಿ, ಶಿವಮೊಗ್ಗ ನಗರದವರಿಗಾದರೆ ಸರ್ಕಾರದ ‘ನಮ್ಮ ಕ್ಲಿನಿಕ್’ ಆಗಲಿ, ಮೊದಲ ತಪಾಸಣೆಗೆ ಸಾಕು. ಈ ಹಂತದಲ್ಲಿ ನನ್ನ ಒಲವು ಸ್ಪಷ್ಟವಾಗಿ ಸರ್ಕಾರಿ ಕೇಂದ್ರದ ಕಡೆಗೆ. ಹಿಮೋಗ್ಲೋಬಿನ್, ಸಕ್ಕರೆ, ಮೂತ್ರಪರೀಕ್ಷೆಯಂತಹ ಮೂಲಪರೀಕ್ಷೆಗಳು ಅಲ್ಲಿ ಉಚಿತವಾಗಿ ಆಗುತ್ತವೆ ಎನ್ನುವುದು ಒಂದು ಕಾರಣ. ಮುಂದೆ ಸರ್ಕಾರಿ ಯೋಜನೆಯಡಿ ಚಿಕಿತ್ಸೆ ಬೇಕಾದರೆ ಶಿಫಾರಸಿನ ಸರಪಳಿ ಅಲ್ಲಿಂದಲೇ ಆರಂಭವಾಗುತ್ತದೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ.

ವೈದ್ಯರು ಎರಡರಿಂದ ನಾಲ್ಕು ವಾರದ ಮಾತ್ರೆ ಕೊಟ್ಟು ನೋಡುವುದು ಸರಿಯಾದ ಕ್ರಮವೇ. ತಪ್ಪಾಗುವುದು ಆ ನಾಲ್ಕು ವಾರ ಎಂಟು ತಿಂಗಳಾದಾಗ. ಮಾತ್ರೆ ನಿಲ್ಲಿಸಿದೊಡನೆ ನೋವು ಮರಳಿದರೆ ಪರೀಕ್ಷೆ ಆಗಬೇಕು. ಹಾಗೆಯೇ ತಾನಾಗಿ ತೂಕ ಇಳಿಯುವುದು, ರಕ್ತಹೀನತೆ, ನುಂಗುವಾಗ ಅನ್ನ ಸಿಕ್ಕಿಕೊಂಡಂತಾಗುವುದು, ಪದೇ ಪದೇ ವಾಂತಿ, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗುವುದು, ಮಲದಲ್ಲಿ ರಕ್ತ, ಮನೆಯಲ್ಲಿ ಯಾರಿಗಾದರೂ ಜಠರ ಅಥವಾ ಕರುಳಿನ ಕ್ಯಾನ್ಸರ್ ಬಂದಿರುವುದು, ಐವತ್ತು ದಾಟಿದವರಿಗೆ ಹೊಸದಾಗಿ ನೋವು ಶುರುವಾಗುವುದು, ಇವುಗಳಿದ್ದರೆ ಮಾತ್ರೆ ಕೊಟ್ಟು ನೋಡುವ ನಾಲ್ಕು ವಾರವನ್ನೂ ಕಾಯದೆ ನೇರವಾಗಿ ಪರೀಕ್ಷೆಗೆ ಹೋಗಬೇಕು. ಸಂಜೆಯ ಜ್ವರ, ತೂಕ ಇಳಿಕೆ, ಹೊಟ್ಟೆ ಮುರಿತ ಸೇರಿದರೆ ಕರುಳಿನ ಕ್ಷಯದ ಅನುಮಾನವೂ ಬರಬೇಕು. ಕ್ಷಯಕ್ಕೆ ಸರ್ಕಾರಿ ವ್ಯವಸ್ಥೆಯಲ್ಲಿ ಔಷಧಿ ಪೂರ್ತಿ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿಯ ನೆರವೂ ಇದೆ, ಖಾಸಗಿಯಲ್ಲಿ ರೋಗ ಪತ್ತೆಯಾದವರೂ ಈ ಸೌಲಭ್ಯ ಪಡೆಯಬಹುದು.

ನಾಲ್ಕನೆಯ ಹೆಜ್ಜೆ: ದುಡ್ಡು ಯಾರು ಕೊಡುತ್ತಾರೆಂದು ಮೊದಲೇ ತಿಳಿದುಕೊಳ್ಳಿ

ಎಲ್ಲರೂ ಎಡವುವುದು ಇಲ್ಲಿಯೇ. ನಮ್ಮ ಹತ್ತಿರ ಕಾರ್ಡಿದೆ, ಎಲ್ಲವೂ ಉಚಿತವೆಂದು ಹೊರಟವರು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಸ್ಕ್ಯಾನಿಂಗ್ ಶುಲ್ಕ ಕೇಳಿದಾಗ ಬೆಪ್ಪಾಗುತ್ತಾರೆ. ಯೋಜನೆಗಳೂ ವಿಮೆಗಳೂ ಮುಖ್ಯವಾಗಿ ಹಣ ಕೊಡುವುದು ಒಳರೋಗಿಯಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಬಿಡದ ಹೊಟ್ಟೆನೋವಿನಲ್ಲಿ ಹೆಚ್ಚಿನವರಿಗೆ ಹಣ ಕರಗುವುದು ಚಿಕಿತ್ಸೆಯಲ್ಲಲ್ಲ, ರೋಗ ಯಾವುದೆಂದು ಹುಡುಕುವುದರಲ್ಲಿ. ಆ ಹುಡುಕಾಟ ನಡೆಯುವುದೋ ಹೊರರೋಗಿ ವಿಭಾಗದಲ್ಲಿ. ಆದ್ದರಿಂದ ಕೈಯಲ್ಲಿ ಹಣ ಕಡಿಮೆಯಿರುವವರು ಹುಡುಕಾಟದ ಭಾಗವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು, ದಾಖಲಾಗಬೇಕೆಂದು ತೀರ್ಮಾನವಾದ ಮೇಲೆ ಎಲ್ಲಿ ಎಂಬುದನ್ನು ಯೋಚಿಸುವುದು ಜಾಣತನ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬವಾದರೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ಮೀರದಂತೆ, ಯೋಜನೆ ಭರಿಸುತ್ತದೆ, ಉಳಿದದ್ದು ನಿಮ್ಮದು. ಸರಳವಾದ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲಿಯೇ ಆಗಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಮಾತ್ರ ಯೋಜನೆಗೆ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ರೆಫರಲ್ ಪತ್ರ ಕೊಡುತ್ತಾರೆ. ತುರ್ತು ಎಂದು ಪಟ್ಟಿ ಮಾಡಿರುವ ಚಿಕಿತ್ಸೆಗಳಿಗೆ ಈ ಪತ್ರ ಬೇಕಿಲ್ಲ. ಮೊದಲು ಖಾಸಗಿಯಲ್ಲಿ ದಾಖಲಾಗಿ, ಬಿಲ್ಲು ಬೆಳೆದ ಮೇಲೆ ಪತ್ರಕ್ಕಾಗಿ ಓಡಿ ಬರುವವರನ್ನು ನಾನು ನೋಡಿದ್ದೇನೆ. ಆ ಹೊತ್ತಿಗೆ ಯಾರೂ ಏನೂ ಮಾಡಲಾಗುವುದಿಲ್ಲ. ದಾಖಲಾಗುವ ಮುನ್ನವೇ ಆಸ್ಪತ್ರೆಯಲ್ಲಿರುವ, ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕಂಡು, ನಿಮ್ಮ ಚಿಕಿತ್ಸೆ ಆ ಆಸ್ಪತ್ರೆಯಲ್ಲಿ ಯೋಜನೆಯಡಿ ಇದೆಯೇ ಎಂದು ಕೇಳಬೇಕು. ಆಸ್ಪತ್ರೆ ನೋಂದಣಿಯಾಗಿದ್ದರೂ ಎಲ್ಲ ಚಿಕಿತ್ಸೆಗೂ ನೋಂದಣಿಯಾಗಿರುವುದಿಲ್ಲ. ಪಡಿತರ ಚೀಟಿಯಲ್ಲಿಯೂ ಆಧಾರಿನಲ್ಲಿಯೂ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ನಾಗಪ್ಪ, ಇನ್ನೊಂದರಲ್ಲಿ ನಾಗಪ್ಪ ಗೌಡ ಎಂದಿದ್ದರೆ ಅಷ್ಟಕ್ಕೇ ಒಂದು ದಿನ ಹೋಗುತ್ತದೆ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆಯಿದೆ; ಪ್ರತಿವರ್ಷ ನಿಗದಿತ ಅವಧಿಯಲ್ಲಿ ಸಂಘದ ಮೂಲಕವೇ ನೋಂದಾಯಿಸಿಕೊಳ್ಳಬೇಕು, ನೋವು ಬಂದ ಮೇಲೆ ಸೇರಲಾಗದು. ಸಂಬಳದಿಂದ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುವವರು ಮೊದಲು ಇಎಸ್‌ಐ ಚಿಕಿತ್ಸಾಲಯಕ್ಕೆ ಹೋಗಬೇಕು. ಖಾಸಗಿ ವಿಮೆಯಿರುವವರು ಪಾಲಿಸಿಯಲ್ಲಿ ಪಿತ್ತಕೋಶದ ಕಲ್ಲು, ಹರ್ನಿಯಾ, ಮೂತ್ರದ ಕಲ್ಲುಗಳ ಮುಂದೆ ಬರೆದಿರುವ ಕಾಯುವ ಅವಧಿಯನ್ನು ಓದಿಕೊಳ್ಳಬೇಕು. ಅನೇಕ ಪಾಲಿಸಿಗಳಲ್ಲಿ ಅದು ಎರಡು ವರ್ಷ.

ಐದನೆಯ ಹೆಜ್ಜೆ: ಯಾವ ಪರೀಕ್ಷೆ, ಎಲ್ಲಿ

ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ನಾರ್ಮಲ್ ಬಂತೆಂದು ನಿಶ್ಚಿಂತರಾಗುವವರು ಬಹಳ. ಪಿತ್ತಕೋಶ, ಯಕೃತ್ತು, ಮೂತ್ರಪಿಂಡ, ಗರ್ಭಕೋಶಗಳನ್ನು ಆ ಯಂತ್ರ ಚೆನ್ನಾಗಿ ತೋರಿಸುತ್ತದೆ. ಜಠರದ ಹುಣ್ಣನ್ನು ತೋರಿಸುವುದಿಲ್ಲ. ಅದಕ್ಕೆ ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿಯೇ ಬೇಕು. ಇದಕ್ಕೆ ಆರೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು, ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸುತ್ತಾರೆ, ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಒಕ್ಕರಿಕೆ ಬರುವುದು ನಿಜ, ನೋವಾಗುವುದಿಲ್ಲ. ಪಿತ್ತಕೋಶ ನೋಡುವ ಸ್ಕ್ಯಾನಿಂಗಿಗೂ ಖಾಲಿ ಹೊಟ್ಟೆ ಬೇಕು. ಮೊದಲ ಬಸ್ಸಿಗೆ ಬಂದು ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಇಡ್ಲಿ ತಿಂದವರಿಗೆ ನಾಳೆ ಬನ್ನಿ ಎನ್ನುತ್ತಾರೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿದ್ದರೂ ರೇಡಿಯಾಲಜಿಸ್ಟ್ ಯಾವ ದಿನ ಇರುತ್ತಾರೆ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಅಪಾಯದ ಲಕ್ಷಣವಿಲ್ಲದವರು ಸರ್ಕಾರಿ ದಿನಾಂಕಕ್ಕೆ ಎರಡು ಮೂರು ವಾರ ಕಾದರೆ ನಷ್ಟವಿಲ್ಲ. ತೂಕ ಇಳಿದವರು, ರಕ್ತಹೀನತೆಯುಳ್ಳವರು ಕಾಯಬಾರದು. ಮೊದಲು ಸರ್ಕಾರಿ ವೈದ್ಯರಿಗೇ ಆ ಲಕ್ಷಣಗಳನ್ನು ಹೇಳಿ ದಿನಾಂಕವನ್ನು ಹಿಂದಕ್ಕೆ ತರಿಸಲು ಕೇಳಿ, ಆಗದಿದ್ದರೆ ಆ ಒಂದು ಪರೀಕ್ಷೆಯನ್ನು ಮಾತ್ರ ಖಾಸಗಿಯಲ್ಲಿ ಮಾಡಿಸಿ ವರದಿಯೊಂದಿಗೆ ಮರಳಬಹುದು. ಹೀಗೆ ಮಾಡಿದರೆ ಸರ್ಕಾರಿ ವೈದ್ಯರು ಮುನಿಸಿಕೊಳ್ಳುತ್ತಾರೆಂಬ ಭಯ ಹಲವರಿಗಿದೆ. ನಮ್ಮ ಅನುಭವದಲ್ಲಿ ಹಾಗಾಗಲಿಲ್ಲ.

ಜಠರದಲ್ಲಿ ವಾಸಿಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಹುಣ್ಣಿಗೆ ಮುಖ್ಯ ಕಾರಣಗಳಲ್ಲೊಂದು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು 1982ರಲ್ಲಿ ಕಂಡುಕೊಂಡರು. ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂದು ನಂಬಿದ್ದ ವೈದ್ಯಲೋಕ ಒಪ್ಪದಿದ್ದಾಗ ಮಾರ್ಷಲ್ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಹಳ್ಳಿಗಳಲ್ಲಿ ಈಗಲೂ ಹುಣ್ಣಿನ ರೋಗಿಗೆ ಖಾರ ಬಿಡಿಸಿ ಸಪ್ಪೆ ಗಂಜಿ ಹಾಕಿ ಕೂರಿಸುತ್ತಾರೆ, ಬ್ಯಾಕ್ಟೀರಿಯ ತನ್ನ ಪಾಡಿಗೆ ಇರುತ್ತದೆ. ಇದನ್ನು ಎಂಡೋಸ್ಕೋಪಿಯ ಸಮಯದಲ್ಲಿಯೇ ಚೂರು ಅಂಗಾಂಶ ತೆಗೆದು ಪತ್ತೆಹಚ್ಚಬಹುದು, ಇಲ್ಲವೇ ಮಲಪರೀಕ್ಷೆಯಿಂದ ಅಥವಾ ಉಸಿರಿನ ಪರೀಕ್ಷೆಯಿಂದ ತಿಳಿಯಬಹುದು. ರಕ್ತದಲ್ಲಿ ನೋಡುವ ಪ್ರತಿಕಾಯದ ಪರೀಕ್ಷೆ ಹಿಂದೆಂದೋ ಬಂದು ಹೋದದ್ದನ್ನೂ ಈಗಿರುವುದನ್ನೂ ಬೇರ್ಪಡಿಸುವುದಿಲ್ಲವಾದ್ದರಿಂದ ಅದಕ್ಕೆ ಹಣ ಕೊಡಬೇಡಿ. ಜ್ವರವಿಲ್ಲದ ಹೊಟ್ಟೆನೋವಿಗೆ ಟೈಫಾಯ್ಡ್ ನೋಡುವ ವಿಡಾಲ್ ಪರೀಕ್ಷೆ ಮಾಡಿಸುವುದೂ ವ್ಯರ್ಥ. ಪೂರ್ತಿ ಮೈಯ ತಪಾಸಣೆ ಎಂದು ರಿಯಾಯಿತಿ ದರದಲ್ಲಿ ಮಾರುವ ಪ್ಯಾಕೇಜುಗಳಲ್ಲಿ ಹತ್ತಾರು ರಕ್ತಪರೀಕ್ಷೆಗಳಿರುತ್ತವೆ, ಬೇಕಾದ ಎಂಡೋಸ್ಕೋಪಿ ಸಾಮಾನ್ಯವಾಗಿ ಇರುವುದಿಲ್ಲ.

ಆರನೆಯ ಹೆಜ್ಜೆ: ಮೆಗ್ಗಾನ್ ಆಸ್ಪತ್ರೆಗೆ ಹೋಗುವ ಕ್ರಮ

ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಯಾದ್ದರಿಂದ ಒಬ್ಬ ರೋಗಿಯನ್ನು ವಿದ್ಯಾರ್ಥಿಗಳಿಂದ ಪ್ರಾಧ್ಯಾಪಕರವರೆಗೆ ಹಲವರು ನೋಡುತ್ತಾರೆ. ಒಂದೇ ಕಥೆಯನ್ನು ಮೂರು ಸಲ ಹೇಳಬೇಕಾಗಿ ಬಂದಾಗ ಬೇಸರವಾಗುತ್ತದೆ, ಆದರೆ ಮೂರನೆಯ ಸಲ ಕೇಳುವವರು ಮೊದಲಿಬ್ಬರು ಬಿಟ್ಟದ್ದನ್ನು ಹಿಡಿಯುವುದೂ ಉಂಟು. ಬೋಧನಾ ಆಸ್ಪತ್ರೆಗಳಲ್ಲಿ ಮೆಡಿಸಿನ್, ಸರ್ಜರಿ ವಿಭಾಗಗಳು ಯೂನಿಟ್‌ಗಳಾಗಿ ಹಂಚಿಕೆಯಾಗಿದ್ದು, ಒಂದೊಂದು ಯೂನಿಟ್ಟಿಗೂ ವಾರದಲ್ಲಿ ಹೊರರೋಗಿಗಳನ್ನು ನೋಡುವ ನಿಗದಿತ ದಿನಗಳಿರುತ್ತವೆ. ಮೊದಲ ಭೇಟಿಯಲ್ಲಿ ಸಿಕ್ಕ ಯೂನಿಟ್ಟಿನ ಹೆಸರನ್ನೂ ವಾರದ ದಿನವನ್ನೂ ಚೀಟಿಯ ಮೇಲೆ ಬರೆದುಕೊಂಡು, ಮುಂದಿನ ಎಲ್ಲ ಭೇಟಿಗಳನ್ನೂ ವಾರದ ಅದೇ ದಿನಕ್ಕೆ ಇಟ್ಟುಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿಸಲ ಹೊಸ ಡಾಕ್ಟರು, ಪ್ರತಿಸಲ ಹೊಸ ಮಾತ್ರೆ ಎಂಬ ದೂರಿನ ಅರ್ಧಪಾಲು ಈ ಒಂದು ಎಚ್ಚರದಿಂದ ಇಲ್ಲವಾಗುತ್ತದೆ.

ಹೋಗುವಾಗ ಆಧಾರ್, ಪಡಿತರ ಚೀಟಿ, ಹಳೆಯ ವರದಿಗಳು, ಜೊತೆಗೊಬ್ಬ ನಡೆದಾಡಬಲ್ಲ ಮನೆಯವರು ಇರಲಿ; ಒಬ್ಬರು ಸಾಲಿನಲ್ಲಿ ನಿಂತರೆ ಇನ್ನೊಬ್ಬರು ರಕ್ತದ ವರದಿ ತರಬೇಕಾಗುತ್ತದೆ. ಸೋಮವಾರವೂ ಹಬ್ಬದ ರಜೆಯ ಮರುದಿನವೂ ಜನ ಕಿಕ್ಕಿರಿದಿರುತ್ತಾರೆ. ಒಳಗಿನ ಔಷಧಾಲಯದಲ್ಲಿಲ್ಲದ ಮಾತ್ರೆಯನ್ನು ಹೊರಗೆ ಬರೆದುಕೊಟ್ಟರೆ, ಔಷಧಿಯ ಮೂಲಹೆಸರನ್ನು ಬರೆಯಿಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಬಹುದು.

ಏಳನೆಯ ಹೆಜ್ಜೆ: ಖಾಸಗಿಯಲ್ಲಿ ಕೇಳಬೇಕಾದ ಮಾತು

ಖಾಸಗಿಯ ನಿಜವಾದ ಲಾಭ ವೇಗ, ಮತ್ತು ಪ್ರತಿಸಲವೂ ಅದೇ ವೈದ್ಯರು ಸಿಗುವುದು. ಇವೆರಡೂ ಸಿಗದಿದ್ದರೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಜಠರ ಮತ್ತು ಕರುಳಿನ ತಜ್ಞರು ಅಲ್ಲಿಯೇ ಪೂರ್ಣಾವಧಿ ಇರುವವರೋ, ವಾರಕ್ಕೊಮ್ಮೆ ಬೇರೆ ಊರಿನಿಂದ ಬಂದು ಹೋಗುವವರೋ ಎಂದು ಕೇಳಿ. ಬಂದು ಹೋಗುವವರ ಬಳಿ ತೋರಿಸುವುದು ತಪ್ಪಲ್ಲ. ಆದರೆ ಶಸ್ತ್ರಚಿಕಿತ್ಸೆಯಾದ ರಾತ್ರಿ ಏನಾದರೂ ತೊಡಕಾದರೆ ನೋಡುವವರು ಯಾರು ಎಂಬುದಕ್ಕೆ ಉತ್ತರ ಸಿಗಬೇಕು.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂದು, ಮುಂದೆ ತಿದ್ದುಪಡಿಯಾಗಿ, ಆಸ್ಪತ್ರೆಗಳು ನೋಂದಣಿ ಪತ್ರವನ್ನೂ ಶುಲ್ಕದ ವಿವರವನ್ನೂ ಕಾಣುವಂತೆ ಪ್ರದರ್ಶಿಸಬೇಕೆಂದು ವಿಧಿಸಿದೆ. ಆ ಫಲಕವನ್ನು ಓದಿ. ದಾಖಲಾಗುವ ಮೊದಲು ಒಟ್ಟು ಅಂದಾಜು ವೆಚ್ಚವನ್ನು ಬರಹದಲ್ಲಿ ಕೇಳಿ. ಅದರಲ್ಲಿ ಅರಿವಳಿಕೆ ತಜ್ಞರ ಶುಲ್ಕ, ವಾರ್ಡಿನ ಬಾಡಿಗೆ, ಔಷಧಿ ಸೇರಿದೆಯೇ ಎಂದು ಬಿಡಿಸಿ ಕೇಳದಿದ್ದರೆ ಹೇಳಿದ ಮೊತ್ತಕ್ಕೂ ಕೊನೆಯ ಬಿಲ್ಲಿಗೂ ಸಂಬಂಧವೇ ಇರುವುದಿಲ್ಲ. ಹೀಗೆ ಕೇಳಲು ಸಂಕೋಚ ಬೇಡ, ಅಡಿಕೆಗೆ ದರ ಕೇಳದೆ ಮಂಡಿಯಲ್ಲಿ ಯಾರೂ ಚೀಲ ಇಳಿಸುವುದಿಲ್ಲ.

ಎಂಟನೆಯ ಹೆಜ್ಜೆ: ಆಪರೇಷನ್ ಎಂದರೆ

ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ಕಲ್ಲು ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದಲ್ಲ. ಯಾವ ತೊಂದರೆಯನ್ನೂ ಕೊಡದ ಕಲ್ಲುಗಳು ಎಷ್ಟೋ ಜನರಲ್ಲಿರುತ್ತವೆ, ಅಂಥವನ್ನು ಸಾಮಾನ್ಯವಾಗಿ ಮುಟ್ಟಬೇಕಾಗಿಲ್ಲ. ನೋವಿನ ಸ್ವರೂಪ ಕಲ್ಲಿಗೆ ಹೊಂದುತ್ತದೆಯೇ, ಹುಣ್ಣಿಲ್ಲವೆಂದು ಎಂಡೋಸ್ಕೋಪಿಯಲ್ಲಿ ನೋಡಿದ್ದಾರೆಯೇ ಎಂದು ಕೇಳದೆ ಒಪ್ಪಿದವರಲ್ಲಿ ಕೆಲವರು ಪಿತ್ತಕೋಶವನ್ನು ಕಳೆದುಕೊಂಡ ಮೇಲೆಯೂ ಅದೇ ನೋವಿನೊಂದಿಗೆ ಮನೆಗೆ ಮರಳುತ್ತಾರೆ. ತುರ್ತಲ್ಲದ ಯಾವ ಶಸ್ತ್ರಚಿಕಿತ್ಸೆಗೂ ಎರಡನೆಯ ಅಭಿಪ್ರಾಯ ಪಡೆಯಲು ಸಮಯವಿರುತ್ತದೆ. ಖಾಸಗಿಯಲ್ಲಿ ಹೇಳಿದ್ದರೆ ಎರಡನೆಯ ಅಭಿಪ್ರಾಯವನ್ನು ಮೆಗ್ಗಾನಿನ ಸರ್ಜರಿ ವಿಭಾಗದಲ್ಲಿ ಕೇಳಿ. ಆಪರೇಷನ್ ಮಾಡಿದರೂ ಮಾಡದಿದ್ದರೂ ಅಲ್ಲಿನವರ ಸಂಬಳದಲ್ಲಿ ವ್ಯತ್ಯಾಸವಿಲ್ಲ.

ಒಂಬತ್ತನೆಯ ಹೆಜ್ಜೆ: ಕಡತ ನಿಮ್ಮ ಕೈಯಲ್ಲಿರಲಿ

ಹಂತಹಂತಕ್ಕೂ ಆಸ್ಪತ್ರೆ ಬದಲಿಸುವವರಿಗೆ ಎಲ್ಲವನ್ನೂ ಹೊಲಿದಿಡುವ ದಾರವೆಂದರೆ ಕಾಗದ. ಚೀಟಿ, ರಕ್ತದ ವರದಿ, ಸ್ಕ್ಯಾನಿಂಗ್ ಚಿತ್ರ, ಎಂಡೋಸ್ಕೋಪಿ ವರದಿ, ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಟ್ಟು, ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದಿಡಿ. ಮಳೆಗಾಲದಲ್ಲಿ ನಮ್ಮ ಮನೆಗಳ ಕಪಾಟಿನ ಕಾಗದಕ್ಕೆ ಬೂಸಲು ಬರುವುದು ಹೊಸದಲ್ಲ. ಚಿಕಿತ್ಸೆಯ ದಾಖಲೆಗಳನ್ನು ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಿಯಮಗಳು ಹೇಳುತ್ತವೆ. ಖಾಸಗಿಯಲ್ಲಿ ಬಿಲ್ಲಿನ ವಿಷಯದಲ್ಲಿ ಅನ್ಯಾಯವಾಯಿತೆನಿಸಿದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಮಾಹಿತಿಗೆ 104 ಸಹಾಯವಾಣಿಯಿದೆ.

ಎಲ್ಲ ಪರೀಕ್ಷೆಗಳೂ ನಾರ್ಮಲ್ ಬಂದು ನೋವು ಮಾತ್ರ ಉಳಿದರೆ ಏನು ಎಂಬುದನ್ನೂ ಹೇಳಬೇಕು. ಜಠರದ ಅಥವಾ ಕರುಳಿನ ಚಲನೆಯ ಏರುಪೇರು, ನರಗಳ ಅತಿಸೂಕ್ಷ್ಮತೆಯಿಂದ ಬರುವ ನೋವು ಯಾವ ಯಂತ್ರದಲ್ಲಿಯೂ ಕಾಣುವುದಿಲ್ಲ, ಆದರೂ ಅದು ನಿಜವಾದ ಕಾಯಿಲೆ. ಇದಕ್ಕೆ ಬೇಕಾಗುವುದು ದೊಡ್ಡ ಆಸ್ಪತ್ರೆಯಲ್ಲ, ನಿಮ್ಮ ಊಟ, ನಿದ್ದೆ, ಮನೆಯ ಕಷ್ಟಸುಖ ಬಲ್ಲ, ವರ್ಷಗಟ್ಟಲೆ ನೋಡುವ ಒಬ್ಬ ವೈದ್ಯರು. ಇಲ್ಲಿ ನನ್ನ ಮತ ಊರಿನ ಹಳೆಯ ಖಾಸಗಿ ವೈದ್ಯರ ಕಡೆಗೆ, ಏಕೆಂದರೆ ಸರ್ಕಾರಿ ಕೇಂದ್ರದ ವೈದ್ಯರಿಗೆ ವರ್ಗಾವಣೆಯಾಗುತ್ತದೆ.

ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಕ್ಕೆ ಚಿಕಿತ್ಸೆ ಪಡೆದವರು ಸಾಮಾನ್ಯವಾಗಿ 14 ದಿನಗಳ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸದೆ ಮುಗಿಸಿ, ಪ್ರತಿಜೈವಿಕ (ಆಂಟಿಬಯಾಟಿಕ್) ಮುಗಿದು ಕನಿಷ್ಠ ನಾಲ್ಕು ವಾರ ಕಳೆದ ಮೇಲೆ, ಆಮ್ಲ ತಗ್ಗಿಸುವ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಎರಡು ವಾರ ಮೊದಲೇ ನಿಲ್ಲಿಸಿ, ಬ್ಯಾಕ್ಟೀರಿಯ ಹೋಗಿದೆಯೇ ಎಂದು ಮತ್ತೆ ಪರೀಕ್ಷಿಸಿಕೊಳ್ಳಬೇಕು. ನೋವು ಹೋದ ಮೇಲೆ ಇದಕ್ಕಾಗಿ ಯಾರೂ ಬಸ್ಸು ಹತ್ತುವುದಿಲ್ಲ. ಭಾವನವರೂ ಹತ್ತುತ್ತಿರಲಿಲ್ಲ, ಅಕ್ಕ ಮಲದ ಮಾದರಿಯ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ತಾನೇ ಮೊದಲ ಬಸ್ಸಿಗೆ ಹೊರಟಿದ್ದರಿಂದ ಅವರ ಫೈಲಿನಲ್ಲಿ ಆ ವರದಿಯೂ ಇದೆ.